ಮುಚ್ಚದೆ ಬಂದ ವರತಿ

ನಾನು ಚಿಕ್ಕವಳಿದ್ದಾಗ ನಮ್ಮೂರಿನ ಸುತ್ತ ಹೊಳೆಯಿತ್ತು, ಕುಡಿಯಲು ನೀರಿರಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ ಮಕ್ಕಳೇ. ಗಂಗಾವತಿ ಸೀಮೆಯಲ್ಲಿ ತುಂಗಭದ್ರೆಯ ನಡುವಿನ ಒಂದು ಗಡ್ಡೆ ನಮ್ಮೂರು. ಬೇಸಿಗೆ ಬಂತೆಂದರೆ ನೀರು ಬಂಡೆಗಳ ಸಂದಿಯಲ್ಲಿ ನಿಂತು ಪಾಚಿಗಟ್ಟುತ್ತಿತ್ತು. ಎಮ್ಮೆ ಮೈ ತೊಳೆಯಲಿಕ್ಕೆ ಅದು ಸಾಕು, ಕುಡಿದರೆ ವಾಂತಿ. ಅದಕ್ಕೇ ಮನೆಗೊಂದರಂತೆ ಮರಳಿನಲ್ಲಿ ವರತಿ ತೋಡುತ್ತಿದ್ದೆವು. ಆ ಗುಂಡಿಯ ತಳದಲ್ಲಿ ತಣ್ಣನೆಯ ನೀರು ಜಿನುಗುತ್ತಿತ್ತು. ತೆಂಗಿನ ಚಿಪ್ಪಿನಲ್ಲಿ ಮೊಗೆದು ಒಂದು ಕೊಡ ತುಂಬಿಸುವಷ್ಟರಲ್ಲಿ ಕಾಲು ಜೋಮು ಹಿಡಿಯುತ್ತಿತ್ತು. ಬರುವಾಗ ಜಾಲಿಮುಳ್ಳು ಮುಚ್ಚಿ ಬರಬೇಕು, ಇಲ್ಲದಿದ್ದರೆ ದನ ಇಳಿದು ಕೆಡಿಸುತ್ತವೆ. ಮುಳ್ಳು ಮುಚ್ಚುವ ಕೆಲಸ ನನ್ನದು.

ಅಂಥದೊಂದು ಬೇಸಿಗೆಯಲ್ಲಿ ಅಕ್ಕನಿಗೆ ಏಳನೇ ತರಗತಿಯ ಪರೀಕ್ಷೆ. ಗಡ್ಡೆಯಲ್ಲಿ ಅಷ್ಟು ಓದಿದ ಹುಡುಗಿ ಅವಳೊಬ್ಬಳೇ. ಟೀಚರ್ ಆಗಬೇಕೆಂಬ ಹುಚ್ಚು ಅವಳಿಗೆ. ನನ್ನನ್ನು ಎದುರು ಕೂಡಿಸಿಕೊಂಡು ಪಾಠ ಹೇಳಿ ಹೇಳಿ ತಲೆ ತಿನ್ನುತ್ತಿದ್ದಳು. ಪರೀಕ್ಷೆಯ ಹಿಂದಿನ ಸಂಜೆ ಗೆಳತಿ ಕರೆದಳೆಂದು ನಾನು ವರತಿಯ ಹತ್ತಿರದಿಂದ ಆಟಕ್ಕೆ ಓಡಿಬಿಟ್ಟೆ. ಊಟಕ್ಕೆ ಕೂತಾಗ ನೆನಪಾಯಿತು, ಮುಳ್ಳು ಮುಚ್ಚಿಲ್ಲ. ಅಪ್ಪನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಹೇಳಿದ್ದರೆ ಎರಡೇಟು ಬೀಳುತ್ತಿದ್ದವು, ಅಷ್ಟೇ. ಆದರೂ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಮರುದಿನ ಅಪ್ಪ ನಸುಕಿನಲ್ಲೇ ಗಡ್ಡೆಯ ಆ ತುದಿಗೆ ಕೂಲಿಗೆ ಹೋದ. ಅಕ್ಕ ಕೊಡ ಹಿಡಿದು ಹೋಗಿ ನೋಡಿದರೆ ವರತಿಯ ಜಾಗದಲ್ಲಿ ಎಮ್ಮೆ ಹೊರಳಾಡಿದ ಕೆಸರು, ಸಗಣಿ. ಮನೆಯಲ್ಲಿ ಅವ್ವ ಮೂರು ದಿನದ ಜ್ವರದಲ್ಲಿ ಮಲಗಿದ್ದಳು. ನೆರೆಯವರು ಕೊಟ್ಟ ಒಂದು ತಂಬಿಗೆ ನೀರನ್ನು ಒಂದೇ ಉಸಿರಿಗೆ ಕುಡಿದು ಮತ್ತೆ ಕೇಳಿದಳು. ಅವರ ಕೊಡವೂ ತಳ ಕಂಡಿತ್ತು.

ಪರೀಕ್ಷೆ ಇದ್ದದ್ದು ಆಚೆ ದಡದ ಶಾಲೆಯಲ್ಲಿ. ಬೇಸಿಗೆಯಲ್ಲೂ ಬತ್ತದ ಮಡುವೊಂದನ್ನು ದಾಟಿ ಅಲ್ಲಿಗೆ ಮುಂಜಾನೆ ಒಂದೇ ಹರಿಗೋಲು ಹೋಗುತ್ತಿತ್ತು. ಅಕ್ಕ ಹೊಸ ಜಾಗದಲ್ಲಿ ಬರಿಗೈಯಿಂದ ಮರಳು ತೋಡತೊಡಗಿದಳು. ನಾನೂ ಕೂತೆ. ನನ್ನ ಕೈಗೆ ಅಂಚು ಕುಸಿದು ಕುಸಿದು ಬಿತ್ತು, ಅಕ್ಕ ನನ್ನನ್ನು ಪಕ್ಕಕ್ಕೆ ಸರಿಸಿದಳು.

“ಲಗೂ ಬಾರವ್ವಾ, ಹೊತ್ತಾತು,” ಎಂದು ಹರಿಗೋಲಿನ ಅಜ್ಜ ಕೂಗಿದ.

“ಒಂದೀಟು ನಿಂದರ್ರಿ ಅಜ್ಜಾ, ನೀರಿನ್ನೂ ತಿಳಿ ಆಗವಲ್ದು.”

ಅಜ್ಜ ಕಾದ. ಆದರೆ ಹತ್ತಿ ಕೂತವರಿಗೆಲ್ಲ ಆಚೆ ಕೂಲಿಯಿತ್ತು. ಹರಿಗೋಲು ಹೊರಟಾಗ ಅಕ್ಕ ಒಮ್ಮೆ ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿ ಮೊಗೆದಳು. ಅವಳ ಉಗುರುಗಳಲ್ಲಿ ರಕ್ತವಿತ್ತು.

ಸಂಜೆ ಅಪ್ಪ ಕೇಳಿದಾಗ, “ಮುಚ್ಚಿದ್ನಿ, ಗಾಳಿಗೆ ಹಾರಿರಬೇಕು,” ಎಂದೆ. ಪರೀಕ್ಷೆ ತಪ್ಪಿದ ಅಕ್ಕನನ್ನು ಅಪ್ಪ ಮತ್ತೆ ಶಾಲೆಗೆ ಕಳಿಸಲಿಲ್ಲ. ಅವಳು ಕಲಿಸಿದ ಅಕ್ಷರ ಹಿಡಿದು ಮುಂದೆ ಟೀಚರ್ ಆದವಳು ನಾನು.

ಈಗ ನಮ್ಮ ಅಡುಗೆಮನೆಗೆ ನೀರಿನ ಕ್ಯಾನ್ ಬರುತ್ತದೆ. ನೀವು ಅರ್ಧ ಗ್ಲಾಸು ಕುಡಿದು ಉಳಿದದ್ದನ್ನು ಚೆಲ್ಲುತ್ತೀರಿ. ಹೋದ ತಿಂಗಳು ಅಕ್ಕ ಬಂದಾಗ ನೀವು ಬಿಟ್ಟ ನೀರನ್ನು ಎತ್ತಿ ಕುಡಿದಳು, ನೀವು ನಕ್ಕಿರಿ. ಆಗ ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಅವತ್ತು ಮುಳ್ಳು ನಾ ಮುಚ್ಚಿರಲಿಲ್ಲ,” ಎಂದೆ.

“ಗೊತ್ತೈತಿ ಬಿಡು. ಮುಳ್ಳು ನೀ ಬಿಟ್ಟಲ್ಲೇ ಬಿದ್ದಿತ್ತು. ಅಪ್ಪ ನೋಡಿದ್ರ ಬಡೀತಾನಂತ, ಗಾಳಿಗೆ ಹಾರಿದಂಗ ಕಾಣ್ಲಿ ಅಂತ ನಾನ ದೂರ ಒಗದಿದ್ನಿ,” ಎಂದಳು ಅಕ್ಕ.

ಉಳಿದ ನೀರು ಕಂಡಾಗಲೆಲ್ಲ ಅಜ್ಜಿ ರೇಗುತ್ತಾಳೆ ಅನ್ನುತ್ತೀರಲ್ಲ ಮಕ್ಕಳೇ, ಆ ಸಿಟ್ಟು ನನ್ನ ಮೇಲೆ ನನಗೇ ಇರುವುದು.