ಹೊಲದ ಮೇಲಿನ ಆಕಾಶಕ್ಕೆ ಅರ್ಜಿ ಹಾಕುವ ಸಂಘಮಿತ್ರಾ

ಬೆಳಗಿನ ಆರು ಗಂಟೆ. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ತೊಗರಿ ಹೊಲದ ಒಡ್ಡಿನ ಮೇಲೆ ಸಂಘಮಿತ್ರಾ ಕಟ್ಟಿಮನಿ ನಡೆಯುತ್ತಿದ್ದಾರೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪರವಾನಗಿಯ ಪ್ರತಿ. ಮೂಲೆಗೊಮ್ಮೆ ನಿಂತು ಫೋನಿನ ಅಂಕಿಯನ್ನೂ ಕಾಗದದ ಅಂಕಿಯನ್ನೂ ತಾಳೆ ನೋಡುತ್ತಾರೆ. ಸೀರೆಯ ಅಂಚು ಇಬ್ಬನಿಯಲ್ಲಿ ತೊಯ್ದಿದೆ.

ಹೊಲ ಶ್ರೀಶೈಲಪ್ಪನವರದು, ಐದು ಎಕರೆ. ತೊಗರಿ ಹೂ ಬಿಟ್ಟಿದೆ, ಕೀಡೆ ಬಿದ್ದಿದೆ. ಡ್ರೋನ್‌ನಿಂದ ಔಷಧಿ ಹೊಡೆಯಲು ಹಲಸಂಗಿಯ ಸುವರ್ಣಾ ಬಂದಿದ್ದಾರೆ. ಆದರೆ ಈ ಭಾಗ ನಕ್ಷೆಯಲ್ಲಿ ಹಳದಿ ವಲಯ, ಅಂದರೆ ವಿಮಾನಗಳ ದಾರಿ ಕಾಯುವ ಕಚೇರಿ ಒಪ್ಪದೆ ಏನನ್ನೂ ಹಾರಿಸುವಂತಿಲ್ಲ. ಗಾಳಿಪಟಕ್ಕಿಂತ ಮೇಲಿನ ವಿಚಾರ ಗೊತ್ತಿಲ್ಲದ ನನ್ನಂಥವನಿಗೆ ಇದೆಲ್ಲ ಹೊಸತು.

ಸಂಘಮಿತ್ರಾಗೆ ಮೂವತ್ತೆರಡು. ತಂದೆ ಇಂಡಿ ತಾಲ್ಲೂಕಿನ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡಿ ಓದಿಸಿದರು. ಈಗ ಇಂಡಿ ಬಸ್‌ಸ್ಟ್ಯಾಂಡ್ ಹತ್ತಿರ ಮಗಳದೇ ಒಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಸ್ಕಾಲರ್‌ಶಿಪ್ ಅರ್ಜಿಗಳ ನಡುವೆ ನಾಲ್ಕು ತಾಲ್ಲೂಕಿನ ಡ್ರೋನ್ ಅರ್ಜಿಗಳೂ ಇಲ್ಲಿಗೇ ಬರುತ್ತವೆ. ಈ ಹಂಗಾಮಿನಲ್ಲಿ ಹಾಕಿದ್ದು ಇನ್ನೂರ ಹನ್ನೆರಡು, ಮರಳಿ ಬಂದದ್ದು ಮೂವತ್ತೊಂದು. ಮರಳಿದವನ್ನು ತಿದ್ದಿ ಮತ್ತೆ ಕಳಿಸುತ್ತಾರೆ.

ಹೊಲ ಸುತ್ತುವ ರೂಢಿ ಒಂದು ತಪ್ಪಿನಿಂದ ಬಂದದ್ದು. ಹೋದ ವರ್ಷ ರೈತರೊಬ್ಬರು ಮನೆಯ ಕಟ್ಟೆಯ ಮೇಲೆ ಕುಳಿತೇ ಫೋನಿನಿಂದ ಜಾಗದ ಗುರುತು ಕಳಿಸಿದರು. ಮನೆ ಇದ್ದದ್ದು ಹಸಿರು ವಲಯದಲ್ಲಿ, ಹೊಲ ಹಳದಿಯಲ್ಲಿ. ಸಂಘಮಿತ್ರಾ ವಿಚಾರಿಸದೆ, ಪರವಾನಗಿ ಬೇಕಿಲ್ಲ ಅಂದುಬಿಟ್ಟರು. ಸುವರ್ಣಾ ಹಾರಿಸಿದರು. ಡ್ರೋನ್ ಹತ್ತೊಂಬತ್ತು ದಿನ ಪೊಲೀಸ್ ಠಾಣೆಯಲ್ಲಿ ಕುಳಿತಿತು.

"ತಪ್ಪ ನಂದು ಅಂತ ನಾನೇ ಹೋಗಿ ಬರಕೊಟ್ಟೆ. ಆದ್ರೂ ಸುವರ್ಣಾ ಅಕ್ಕಾಗ ಎಚ್ಚರಿಕಿ ಪತ್ರ ಬಂತ್ರಿ. ಇನ್ನೊಂದ್ಸಲ ಹಿಂಗಾದ್ರ ಆಕಿ ಲೈಸೆನ್ಸ್ ಹೋಗತೈತಿ. ಆಕಿ ಮನಿ ನಡ್ಯೂದ ಅದರ ಮ್ಯಾಲ," ಎನ್ನುತ್ತಾರೆ.

ಇಂದಿನ ಪರವಾನಗಿ ಆರೂವರೆಯಿಂದ ಎಂಟರವರೆಗೆ. ಮಂಜು ಸರಿಯುವುದಕ್ಕೇ ಏಳೂ ಹತ್ತಾಗುತ್ತದೆ. ಆಮೇಲೆ ಡ್ರೋನ್ ಏಳುತ್ತದೆ, ಇಳಿಯುತ್ತದೆ, ಬ್ಯಾಟರಿ ಬದಲಾಗುತ್ತದೆ, ಮತ್ತೆ ಏಳುತ್ತದೆ. ಏಳೂ ಐವತ್ತೈದಕ್ಕೆ ಅರ್ಧ ಎಕರೆ ಉಳಿದಿದೆ.

"ಇಳಸ್ರಿ ಅಕ್ಕಾ," ಎನ್ನುತ್ತಾರೆ ಸಂಘಮಿತ್ರಾ.

ಶ್ರೀಶೈಲಪ್ಪ ಸಿಡುಕುತ್ತಾರೆ. "ಹತ್ತ ಮಿನಿಟಿನ ಕೆಲಸ ಐತಿ. ಯಾವ ವಿಮಾನ ಬರಾಕತ್ತೈತಿ ಇಲ್ಲಿ? ಉಳದದ್ರಾಗಿನ ಕೀಡಿ ನಾಳಿಗೆ ಎಲ್ಲಾ ಕಡೆ ಹಬ್ಬತೈತಿ. ನಿನಗ ಹೊಲ ಇದ್ರ ತಿಳೀತಿತ್ತು ತಂಗಿ."

ಮಾತು ತಾಗಿತು ಎಂದು ಯಾರಿಗಾದರೂ ಗೊತ್ತಾಗುತ್ತದೆ. ನನಗೂ ಸಿಟ್ಟು ಬಂದದ್ದು ನಿಜ. ಸಂಘಮಿತ್ರಾ ಮಾತ್ರ ದನಿ ಏರಿಸುವುದಿಲ್ಲ. "ಹೊಲ ನಿಮ್ದು ಕಾಕಾ. ಮ್ಯಾಲಿನ ಆಕಾಶ ನಿಮ್ದಲ್ಲ, ನಂದೂ ಅಲ್ಲ. ಎಂಟರತನಕ ಕೇಳೇವಿ, ಎಂಟರತನಕ ಕೊಟ್ಟಾರ."

ಸುವರ್ಣಾ ಡ್ರೋನ್ ಇಳಿಸುತ್ತಾರೆ. ಶ್ರೀಶೈಲಪ್ಪ ಗೊಣಗುತ್ತಲೇ ಪಂಪು ತಂದು ಬೆನ್ನಿಗೆ ಕಟ್ಟಿಕೊಂಡು ಉಳಿದ ಅರ್ಧ ಎಕರೆಗೆ ಇಳಿಯುತ್ತಾರೆ. ನಾಲ್ಕು ಹೆಜ್ಜೆ ಹೋಗಿ, ತಿರುಗಿ, ಮುಂದಿನ ವಾರದ ಎರಡನೇ ಸುತ್ತಿಗೂ ಅರ್ಜಿ ಹಾಕು ಎಂದು ಕೂಗುತ್ತಾರೆ. ಈ ಸಲ ಎರಡು ತಾಸು ಕೇಳಬೇಕಂತೆ.

ಬಸ್ಸಿಗೆ ಕಾಯುವಾಗ, ಬೇಜಾರಾಯಿತೇ ಎಂದು ಕೇಳುತ್ತೇನೆ.

"ಆಗಲ್ಲೇನ್ರಿ? ಇಷ್ಟು ಮಂದಿ ಹೊಲದ ನಾಕೂ ಮೂಲಿ ನೋಡೇನಿ, ನಮ್ಮ ಮನಿತನಕ್ಕ ಒಂದ ಗುಂಟೆ ಇಲ್ಲ. ಒಂದ ಎಕರೆ ತಗೋಬೇಕಂತ ಭಾಳ ಆಸೆ ಐತಿ. ತೊಗರೀನ ಹಾಕ್ತೇನಿ, ಅಕ್ಕಾನ್ನ ಕರಸ್ತೇನಿ." ಬಸ್ಸು ಬರುತ್ತದೆ. ಕಾಗದ ಮಡಚಿ ಚೀಲಕ್ಕಿಟ್ಟು ಹತ್ತುತ್ತಾ ಹೇಳುತ್ತಾರೆ: "ನಮ್ಮ ಹೊಲ ಅಂತ ಬಿಡಂಗಿಲ್ಲ ಮತ್ತ. ಎಂಟಂದ್ರ ಎಂಟಕ್ಕ ಇಳಸ್ತೇನಿ."