ನಾಲ್ಕನೇ ಸಾಲಿನ ಅಜ್ಜಿ

ಹೋದ ತಿಂಗಳು ನಾನು ನನ್ನ ಹೆತ್ತ ತಾಯಿಯ ಜಾತಿ ಬದಲಾಯಿಸಿದೆ. ಅಡುಗೆಮನೆ ಟೇಬಲ್ಲಿನ ಮೇಲೆ, ಬಾಲ್ ಪೆನ್ನಿನಲ್ಲಿ, ಅರ್ಧ ನಿಮಿಷದೊಳಗೆ.

ಆದದ್ದಿಷ್ಟು. ಅಕ್ಕನ ಮಗ ವಿನಾಯಕ ಅಮೆರಿಕದಲ್ಲಿ, ಡೆಟ್ರಾಯಿಟ್ ಬಳಿಯ ವಾರೆನ್‌ನಲ್ಲಿ ಇಂಜಿನಿಯರ್. ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಯಲ್ಲೇ ಇದ್ದಾನೆ. ಶಿಕಾಗೋ ಕಡೆಯ ಕನ್ನಡದವರೊಬ್ಬರು ಅವನಿಗೆ ಹೆಣ್ಣು ಕೊಡುವ ಮಾತೆತ್ತಿದರು. ಹುಡುಗಿ ಡಾಕ್ಟರ್. ಅವಳಪ್ಪ ಈಮೇಲ್‌ನಲ್ಲಿ ಎರಡು ಪುಟದ ಫಾರ್ಮ್ ಕಳಿಸಿದರು. ಎತ್ತರ, ಬಣ್ಣ, ವೀಸಾ. (ಗ್ರೀನ್ ಕಾರ್ಡ್ ಇದ್ದವರಿಗೆ ಬಣ್ಣದಲ್ಲಿ ಸ್ವಲ್ಪ ರಿಯಾಯಿತಿ ಉಂಟಂತೆ.) ಎರಡನೇ ಪುಟದಲ್ಲಿ ಇಬ್ಬರು ಅಜ್ಜಂದಿರು, ಇಬ್ಬರು ಅಜ್ಜಿಯರು. ನಾಲ್ವರದೂ ಹೆಸರು, ಊರು, ಜಾತಿ, ಒಳಪಂಗಡ. ಹಳೇ ಕಾರು ಕೊಳ್ಳುವಾಗಲೂ ಹಿಂದಿನ ಓನರ್‌ಗಳ ಬಗ್ಗೆ ನಾವು ಇಷ್ಟು ವಿಚಾರಿಸುತ್ತೇವೆಯೇ?

ನಾಲ್ಕನೇ ಸಾಲಿನ ಅಜ್ಜಿಯೇ ನನ್ನ ಅವ್ವ. ಬೆಟಗೇರಿಯ ನೇಕಾರರ ಮನೆಯ ಮಗಳು. ಮಾಸ್ತರರಾಗಿದ್ದ ಅಪ್ಪ ಜಾತಿ ನೋಡದೆ ಅವಳನ್ನು ಮದುವೆಯಾಗಿದ್ದರು.

ಕಾಲಿಂಗ್ ಕಾರ್ಡ್ ಹಾಕಿ ಗದಗಿನ ಅಕ್ಕನಿಗೆ ಫೋನ್ ಮಾಡಿ ಕೇಳಿದೆ.

"ಅವ್ವನ ತವರಮನಿ ಸುದ್ದಿ ಬರೀಬ್ಯಾಡವಾ," ಎಂದಳು. "ಅಪ್ಪಂದು ಏನೈತಿ ಅದನ್ನ ಬರಿ. ಅವ್ವ ಹೋಗಿ ಹತ್ತು ವರ್ಷ ಆತು. ಯಾರ್ ಬಂದು ಕೇಳ್ತಾರ?"

ಬರೆದೆ.

ಅಷ್ಟರಲ್ಲಿ ಪಕ್ಕದ ಮನೆಯ ಎಲ್ಸಾ ಚಹಾಕ್ಕೆ ಬಂದರು. ಎಪ್ಪತ್ತೆಂಟರ ಯಹೂದಿ ಅಜ್ಜಿ, ಹುಟ್ಟಿದ್ದು ಜರ್ಮನಿಯಲ್ಲಿ. ಗೋಧಿ ಬಣ್ಣಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಲಿ ಎಂದು ಕೇಳುತ್ತ ಫಾರ್ಮನ್ನು ಅವರ ಕೈಗಿತ್ತೆ. ಮೊದಲ ಪುಟಕ್ಕೆ ನಕ್ಕರು. ಎರಡನೇ ಪುಟಕ್ಕೆ ನಗು ನಿಂತಿತು.

"ನಾಲ್ಕು ಜನ ಅಜ್ಜ ಅಜ್ಜಿ," ಎಂದರು. (ಮಾತು ಇಂಗ್ಲಿಷಿನದು, ಕನ್ನಡ ನನ್ನದು.) "ನಮ್ಮ ತಂದೆಗೂ ಇಂಥದ್ದೊಂದು ಬಂದಿತ್ತು. ಸರ್ಕಾರದಿಂದ."

ಅವರ ತಂದೆಯೂ ಮೇಷ್ಟ್ರು. ನಾಲ್ವರಲ್ಲಿ ಒಬ್ಬರು ಯಹೂದಿಯಾಗಿದ್ದರೂ ಸರ್ಕಾರಿ ಕೆಲಸ ಇಲ್ಲ ಎಂದು ಕಾನೂನಾಗಿತ್ತು. ಅವರಿಗೆ ನಾಲ್ವರೂ ಯಹೂದಿಗಳೇ. ದುಂಡಗಿನ ಅಕ್ಷರದಲ್ಲಿ ಎಲ್ಲವನ್ನೂ ನಿಜವಾಗಿಯೇ ಬರೆದುಕೊಟ್ಟರು. ಕೆಲಸ ಹೋಯಿತು. ಆಮೇಲೆ ಮಗಳ ಶಾಲೆ ಹೋಯಿತು, ಮನೆ ಹೋಯಿತು. ಪುಟ್ಟ ಎಲ್ಸಾಳನ್ನು ಮಾತ್ರ ಡೆಟ್ರಾಯಿಟ್‌ನ ಸೋದರತ್ತೆಯ ಬಳಿಗೆ ಹಡಗು ಹತ್ತಿಸಿದರು.

"ಹಿಂದೆಯೇ ಬರ್ತೀವಿ ಅಂದಿದ್ರು. ಅವರನ್ನ ಕ್ಯಾಂಪಿಗೆ ಹೋಗೋ ರೈಲಿಗೆ ಹತ್ತಿಸಿದ್ರು."

ನನಗೆ ಏನಾದರೂ ಹೇಳಲೇಬೇಕಿತ್ತು. "ಇದು ಬರೀ ಮದುವೆ ಫಾರ್ಮ್, ಎಲ್ಸಾ. ನಾವು ಯಾರನ್ನೂ ಕೊಲ್ಲೋದಿಲ್ಲ."

"ಗೊತ್ತಮ್ಮ. ಎರಡೂ ಒಂದೇ ಅಂತ ನಾನೂ ಹೇಳ್ತಿಲ್ಲ. ಆ ಫಾರ್ಮ್ ಬಂದ ದಿನ ನಮ್ಮ ಬೀದಿಯಲ್ಲೂ ಯಾರೂ ಯಾರನ್ನೂ ಕೊಂದಿರಲಿಲ್ಲ."

ಆಮೇಲೆ ನಾಲ್ಕನೇ ಸಾಲಿನ ಮೇಲೆ ಬೆರಳಿಟ್ಟು, "ಇವರು ನಿನ್ನ ತಾಯಿಯಾ? ಏನು ಕೆಲಸ ಮಾಡ್ತಿದ್ರು?" ಎಂದು ಕೇಳಿದರು.

"ಸೀರೆ ನೇಯ್ತಿದ್ದಳು."

"ಅದು ಇಲ್ಲಿ ಎಲ್ಲೂ ಇಲ್ಲವಲ್ಲ."

ಎದ್ದು ಹೋಗಿ ಚಹಾ ಸೋಸಿದೆ. ಅವ್ವ ನೇಯ್ದ ಸೀರೆಯಲ್ಲೇ ನನ್ನ ಮದುವೆಯಾಗಿತ್ತು. ಅದನ್ನು ಈ ದೇಶದ ಪಾರ್ಟಿಗಳಲ್ಲಿ ಉಟ್ಟು ಹೊಗಳಿಸಿಕೊಂಡವಳೂ ನಾನೇ. ಸೀರೆ ಬೇಕು, ನೇಯ್ದವಳ ಮನೆತನ ಬೇಡ. ಚೆನ್ನಾಗಿದೆಯಲ್ಲ ಲೆಕ್ಕ?

ಸಂಜೆ ವಿನಾಯಕ ಬಂದ. ಎಲ್ಲ ಹೇಳಿದೆ. ಫಾರ್ಮ್ ತೆಗೆದು ಎರಡನೇ ಪುಟ ಓದಿದ.

"ಚಿಕ್ಕಮ್ಮ, ನಾ ಅಜ್ಜಿ ಮಗ್ಗದ ಸಪ್ಪಳ ಕೇಳ್ಕೋತ ಆಕಿ ಬಾಜೂಕ ಮಲಗಿ ಬೆಳದಾಂವ. ಇನ್ನೊಂದು ಪ್ರಿಂಟ್ ತಗೀತೀನಿ, ಖರೇ ಏನೈತಿ ಅದನ್ನ ಬರಿ."

ಬರೆದೆ. ಅವನೇ ಸ್ಕ್ಯಾನ್ ಮಾಡಿ ಕಳಿಸಿದ. ವಿಷಯ ತಿಳಿದ ಅಕ್ಕ ವಾರಪೂರ್ತಿ ನನ್ನ ಫೋನ್ ಎತ್ತಲಿಲ್ಲ.

ಶಿಕಾಗೋದಿಂದ ಉತ್ತರ ಬೇಗನೆ ಬಂತು, ಬಹಳ ಮರ್ಯಾದೆಯಾಗಿ. ಹುಡುಗ ಚಿನ್ನದಂಥವನಂತೆ, ಮನೆತನವೂ ಒಳ್ಳೆಯದಂತೆ. ಆದರೆ ಏನು ಮಾಡುವುದು, ಜಾತಕ ಕೂಡಿಬರಲಿಲ್ಲವಂತೆ.

ಜಾತಕವನ್ನು ನಾವಿನ್ನೂ ಕಳಿಸಿಯೇ ಇರಲಿಲ್ಲ.