ಬಟ್ ಅಂದಮೇಲಿನ ಮಾತು

ಕುಂದಗೋಳ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ‘ಬಟ್’ ಅಂದಮೇಲೆ ಇನ್ನೊಂದು ಮಾತು ಬರಲೇಬೇಕು, ಮೊದಲು ಹೇಳಿದ್ದಕ್ಕೆ ಅದು ಎದುರಾಗಿ ನಿಲ್ಲಬೇಕು ಎಂದು ಹೇಳಿ ಹೇಳಿ ನನ್ನ ಗಂಟಲು ಹರಿದಿದೆ. ಮಕ್ಕಳಿಗೆ ತಿಳಿಯುತ್ತದೆ. ತಿಳಿಯದಿರುವುದು ನಮ್ಮ ಮನೆಯ ದೊಡ್ಡವರಿಗೆ. ಅವರು ‘ಬಟ್’ ಎನ್ನುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಚಹಾ ಕುಡಿಯುತ್ತಾರೆ. ಅಲ್ಲಿಗೆ ಮುಗಿಯಿತು.

ಗಂಡ ತೀರಿಕೊಂಡಮೇಲೆ ನನ್ನ ತಂಗಿ ಸಣ್ಣ ಮಗಳೊಂದಿಗೆ ತವರಿನಲ್ಲೇ ಇದ್ದಳು. ಹೋದ ವರ್ಷ ಮೊರಬದ ಒಬ್ಬ ವಿಧುರ ಅವಳನ್ನು ಕೇಳಿಕೊಂಡು ಬಂದ. ಮಗುವನ್ನೂ ನಾನೇ ಸಾಕುತ್ತೇನೆ ಎಂದ. ತಂಗಿಗೆ ಮನಸ್ಸಿತ್ತು. ನಮ್ಮಲ್ಲಿ ಇದು ಹೊಸದೇನಲ್ಲ. ಗಂಡ ಸತ್ತವಳು ಮತ್ತೆ ಮದುವೆಯಾಗುವುದಕ್ಕೆ ಉಡಿಕಿ ಎಂಬ ಹೆಸರೇ ಇದೆ. ನಮ್ಮ ಅಜ್ಜಿ ಉಡಿಕಿಯಾಗಿಯೇ ಈ ಮನೆಗೆ ಬಂದವಳು. ಹೆಬ್ಬೆಟ್ಟು ಒತ್ತುತ್ತಿದ್ದ ಮುತ್ತಜ್ಜ ಒಂದೇ ಮಾತಿನಲ್ಲಿ ಹ್ಞೂಂ ಅಂದಿದ್ದನಂತೆ.

ಈಗ ನಾವು ಕಲಿತವರು. ನವಲಗುಂದದಲ್ಲಿ ನೌಕರಿ ಮಾಡುವ ಅಣ್ಣ, “ನಂದೇನು ವಿರೋಧ ಇಲ್ಲವ್ವಾ. ಬಟ್...” ಎಂದ. ಅಂಗಡಿ ಇಟ್ಟಿರುವ ಕಾಕಾ, “ಮನಷ್ಯಾ ಅಗದಿ ಚಲೋ ಅದಾನ. ಬಟ್...” ಎಂದರು. ತಿಂಗಳುಗಟ್ಟಲೆ ಇದೇ ರಾಗ. ಬೇಡ ಅಂದಿದ್ದರೆ ಜಗಳವನ್ನಾದರೂ ಆಡುತ್ತಿದ್ದೆ. ಈ ‘ಬಟ್’ ಜೊತೆ ಹೇಗೆ ಆಡಲಿ? ಗಾಳಿ ಗುದ್ದಿ ಮೈ ನೋಯಿಸಿಕೊಂಡದ್ದೇ ಬಂತು. ನನಗೆ ತಲೆ ಚಿಟ್ಟುಹಿಡಿದಿತ್ತು.

ಕೊನೆಗೆ ಆ ಮನುಷ್ಯ ಫೋನ್ ಮಾಡಿ, ಹೌದೋ ಅಲ್ಲವೋ ಹೇಳಿಬಿಡಿ, ಇಲ್ಲದಿದ್ದರೆ ಬೇರೆ ಕಡೆ ನೋಡುತ್ತೇನೆ ಎಂದ. ಮತ್ತೆ ಎಲ್ಲರೂ ಪಡಸಾಲೆಯಲ್ಲಿ ಕೂತರು. ಅಣ್ಣನ ಮಾತು ಮತ್ತೆ ಆ ‘ಬಟ್’ಗೇ ಬಂದು ನಿಂತಿತು. ರೊಟ್ಟಿ ಬಡಿಯುತ್ತಿದ್ದ ತಂಗಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಅಣ್ಣಾ, ಮುಂದಿಂದು ಹೇಳು. ಬಟ್, ಏನು?”

ಅಣ್ಣ ಮೊಬೈಲು ನೋಡತೊಡಗಿದ.

“ಕಾಕಾ, ನೀವರ ಹೇಳ್ರಿ.”

ಕಾಕಾ ಕೆಮ್ಮಿದರು.

“ಮಂದಿ ಏನಂತಾರ ಅಂತ ನಿಮಗ ಅಂಜಿಕಿ. ಅದನ್ನ ಬಾಯಿಬಿಟ್ಟು ಹೇಳಾಕೂ ಅಂಜಿಕಿ. ಅಂಜಿಕಿ ನಿಮ್ಮದ್ರಿ, ಬಾಳೇವು ನಂದು.”

ಇಷ್ಟು ದಿನ ತುಟಿ ಪಿಟಕ್ಕೆನ್ನದ ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: “ಐತವಾರ ಊಟಕ್ಕ ಬರಾಕ ಹೇಳವಾ ಅವಂಗ. ಹೋಳಗಿ ಮಾಡತೀನಿ.”

ಅಣ್ಣ ಏನೋ ಹೇಳಲು ಬಾಯಿ ತೆರೆದ.

“ನೀ ಉಣ್ಣಾಕ ಬಾ,” ಎಂದಳು ಅವ್ವ. “ಅಷ್ಟ ಸಾಕು.”